ಮ್ಯಾನೇಜರ್ ಇಲ್ಲದ ಬ್ಯಾಂಕು

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮನೆ ಕಟ್ಟಿಸುವವರು ವಾಸ್ತು, ಪ್ಲಾನು, ಬೋರ್‌ವೆಲ್ ಪಾಯಿಂಟು ಅಂತ ಎಷ್ಟೇ ತಲೆ ಕೆಡಿಸಿಕೊಂಡರೂ ಕಾಂಪೌಂಡ್ ಗೋಡೆಯ ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬಂದಿದ್ದಾರೆ: ಎದೆಮಟ್ಟ ಇರಬೇಕು. ಅದಕ್ಕಿಂತ ಎತ್ತರವಾದರೆ ಪಕ್ಕದ ಮನೆಯವರ ಮುಖ ಕಾಣುವುದಿಲ್ಲ, ತಗ್ಗಾದರೆ ಮೊಣಕೈ ಊರಿ ನಿಲ್ಲಲಾಗುವುದಿಲ್ಲ. ಕಳ್ಳರನ್ನು ತಡೆಯಲು ಎದೆಮಟ್ಟದ ಗೋಡೆ ಏನೂ ಸಾಲದು, ನಿಜ. ಆದರೆ ಕಳ್ಳರು ವರ್ಷಕ್ಕೊಮ್ಮೆ ಬರಬಹುದು, ಬರದೆಯೂ ಇರಬಹುದು. ಹರಟೆ ದಿನಾ ಬೆಳಿಗ್ಗೆ ಬೇಕು.

ನಮ್ಮ ಗೋಡೆಯಾಚೆ ಇರುವವರು ಬ್ಯಾಂಕಿನಲ್ಲಿ ಹೆಡ್ ಕ್ಯಾಷಿಯರ್ ಆಗಿ ನಿವೃತ್ತರಾದವರು. ಬೀದಿಗೆಲ್ಲ ಕ್ಯಾಷಿಯರ್ ಸಾರ್. ಹಾಲಿನವನ ಲೆಕ್ಕದಲ್ಲಿ ಎರಡು ರೂಪಾಯಿ ಹೆಚ್ಚುಕಮ್ಮಿ ಆದರೂ ಅದು ತಾಳೆ ಆಗುವ ತನಕ ಇವರಿಗೆ ಕಾಫಿ ಇಳಿಯುವುದಿಲ್ಲ. ಮೊನ್ನೆ ಬೆಳಿಗ್ಗೆ ಪೇಪರ್ ಮಡಿಚಿ ಗೋಡೆ ಮೇಲಿಟ್ಟು ಶುರು ಮಾಡಿದರು.

“ಏನಪ್ಪಾ, ರಾತ್ರಿ ಎರಡು ಗಂಟೇಲೂ ಮುಂದಿನ ರೂಮಲ್ಲಿ ಲೈಟ್ ಉರೀತಿತ್ತಲ್ಲ? ಅಮೆರಿಕದವರ ಡ್ಯೂಟಿನಾ?”

“ಇಲ್ಲ ಸಾರ್. ಹಳೇ ಲ್ಯಾಪ್‌ಟಾಪ್ ಒಂದು ಸುಮ್ನೆ ಬಿದ್ದಿತ್ತು. ಅದಕ್ಕೆ ಬಿಟ್‌ಕಾಯಿನ್ ನೋಡ್ ಹಾಕ್ತಿದ್ದೆ.”

ಸಾರ್ ಗೋಡೆಯಿಂದ ಮೊಣಕೈ ತೆಗೆದರು. ಬೀದಿಯ ಎರಡೂ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಕೇಳಿದರು: “ಪೊಲೀಸರು ಏನೂ ಅನ್ನಲ್ವೇನಪ್ಪಾ?”

ನಗಬೇಡಿ. ತುಮಕೂರಿನವರಿಗೆ ಬಿಟ್‌ಕಾಯಿನ್ ಅಂದರೆ ಕಂಪ್ಯೂಟರಿಗಿಂತ ಮೊದಲು ಪೊಲೀಸ್ ಠಾಣೆ ನೆನಪಾದರೆ ಅದು ಅವರ ತಪ್ಪಲ್ಲ. ಯುನೋಕಾಯಿನ್ ಟೆಕ್ನಾಲಜೀಸ್ ಎಂಬ ಕಂಪನಿಯಿಂದ 60.6 ಬಿಟ್‌ಕಾಯಿನ್ ಕಳುವಾಯಿತೆಂಬ ದೂರು 2017ರಲ್ಲಿ ದಾಖಲಾಗಿದ್ದು ನಮ್ಮದೇ ಊರಿನ ಹೊಸ ಬಡಾವಣೆ ಠಾಣೆಯಲ್ಲಿ. ಅವತ್ತಿನ ಬೆಲೆ 1.14 ಕೋಟಿ ರೂಪಾಯಿ. ವರ್ಷಗಳ ಮೇಲೆ ಆ ಫೈಲು ರಾಜ್ಯದ ಬಿಟ್‌ಕಾಯಿನ್ ಹಗರಣದ ತನಿಖೆಗೆ ರಚನೆಯಾದ ವಿಶೇಷ ತನಿಖಾ ತಂಡದ (ಎಸ್‌ಐಟಿ) ಕೈಗೆ ಹೋಗಿ, 2024ರ ಮೇ ತಿಂಗಳಲ್ಲಿ ಒಬ್ಬ ಹ್ಯಾಕರ್‌ನ ಬಂಧನವಾಯಿತು. ಅದಕ್ಕೂ ಹಿಂದೆ, 2018ರ ಅಕ್ಟೋಬರಿನಲ್ಲಿ, ಇದೇ ಕಂಪನಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕೆಂಪ್‌ಫೋರ್ಟ್ ಮಾಲಿನಲ್ಲಿ ಬಿಟ್‌ಕಾಯಿನ್ ಎಟಿಎಂ ಇಟ್ಟಾಗ ಸೈಬರ್ ಪೊಲೀಸರು ಯಂತ್ರವನ್ನೇ ಎತ್ತಿಕೊಂಡು ಹೋಗಿದ್ದರು. ಇಷ್ಟೆಲ್ಲ ಪೇಪರಿನಲ್ಲಿ ಓದಿದ ಮನುಷ್ಯ ಬೀದಿಯ ಕಡೆ ನೋಡದೆ ಇನ್ನೆಲ್ಲಿ ನೋಡಬೇಕು?

“ನಮ್ಮ ಬ್ರಾಂಚಿಗೂ ಸರ್ಕ್ಯುಲರ್ ಬಂದಿತ್ತು ಕಣಪ್ಪ. ಆ ವ್ಯವಹಾರದೋರ ಹತ್ರ ಸೇರ್ಲೇಬೇಡಿ ಅಂತ.”

“ಅದು 2018ರ ಏಪ್ರಿಲ್ 6ರ ಆರ್‌ಬಿಐ ಸರ್ಕ್ಯುಲರ್ ಸಾರ್. 2020ರ ಮಾರ್ಚ್ 4ಕ್ಕೆ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಈಗ ಇಟ್ಟುಕೊಳ್ಳೋದು ಅಪರಾಧ ಅಲ್ಲ. ಆದ್ರೆ ಅದು ಹಣ ಅಂತ ಸರ್ಕಾರ ಒಪ್ಪಿಲ್ಲ. ತೆರಿಗೆ ಮಾತ್ರ ಹಾಕುತ್ತೆ.”

“ಹಣ ಅಲ್ಲ, ಆದ್ರೆ ತೆರಿಗೆ ಉಂಟು. ಒಳ್ಳೇ ನ್ಯಾಯ,” ಅಂದರು ಸಾರ್. ಮೊಣಕೈ ಮತ್ತೆ ಗೋಡೆಗೆ ಬಂತು. ಹರಟೆಗೆ ಪರವಾನಗಿ ಸಿಕ್ಕಂತಾಯಿತು.

“ನಾನು ಬಿಟ್‌ಕಾಯಿನ್ ಕೊಂಡಿಲ್ಲ ಸಾರ್. ಅದರ ಲೆಡ್ಜರ್ ಇಳಿಸಿಕೊಂಡಿದೀನಿ ಅಷ್ಟೆ. ಲೆಡ್ಜರ್ ಇಟ್ಟುಕೊಂಡು, ಹೊಸ ಎಂಟ್ರಿ ಬಂದಾಗಲೆಲ್ಲ ತಪ್ಪಿದೆಯಾ ಅಂತ ನೋಡೋ ಸಾಫ್ಟ್‌ವೇರಿಗೆ ನೋಡ್ ಅಂತಾರೆ.”

ಲೆಡ್ಜರ್ ಅಂದದ್ದೇ ತಡ, ಸಾರ್ ಮುಖ ಅರಳಿತು. ಮುಂದಿನದೆಲ್ಲ ಇನ್‌ಸ್ಪೆಕ್ಷನ್. ಲೆಡ್ಜರ್ ಯಾರ ಸುಪರ್ದಿನಲ್ಲಿದೆ? ಯಾರ ಸುಪರ್ದಿನಲ್ಲೂ ಇಲ್ಲ, ಬೇಕೆಂದವರೆಲ್ಲರ ಹತ್ತಿರ ಪೂರ್ತಿ ಪ್ರತಿ ಇರುತ್ತದೆ. ಮೊದಲ ಎಂಟ್ರಿ ಯಾವಾಗ? 2009ರ ಜನವರಿ 3. ಅಲ್ಲಿಂದ ಇವತ್ತಿನವರೆಗಿನ ಪ್ರತಿಯೊಂದು ಎಂಟ್ರಿಯೂ ಇದೆ, 600 ಜಿಬಿ ದಾಟಿದೆ. ಎಂಟ್ರಿ ಹಾಕುವುದು ಎಷ್ಟು ಹೊತ್ತಿಗೊಮ್ಮೆ? ಸರಾಸರಿ ಹತ್ತು ನಿಮಿಷಕ್ಕೊಂದು ಪುಟ, ಅದಕ್ಕೆ ಬ್ಲಾಕ್ ಅಂತ ಹೆಸರು. ಒಟ್ಟು ನಾಣ್ಯ ಎಷ್ಟು? 2 ಕೋಟಿ 10 ಲಕ್ಷಕ್ಕೆ ಮುಟ್ಟದ ಹಾಗೆ ನಿಯಮ ಬರೆದಿಟ್ಟಿದ್ದಾರೆ. ಬರೆದವರು ಯಾರು? ಸತೋಶಿ ನಕಮೊಟೊ ಎಂಬ ಹೆಸರಿನವರು, 2008ರ ಅಕ್ಟೋಬರ್ 31ರಂದು ಒಂಬತ್ತು ಪುಟದ ಪ್ರಬಂಧ ಹೊರಗೆ ಬಿಟ್ಟರು. ಆಮೇಲೆ ಒಂದೆರಡು ವರ್ಷ ಕೆಲಸ ಮಾಡಿ ಕಾಣೆಯಾದರು. ಅವರು ಯಾರು ಅಂತ ಇವತ್ತಿಗೂ ಖಾತ್ರಿಯಾಗಿಲ್ಲ.

“ಮ್ಯಾನೇಜರ್ ಕಾಣೆಯಾದ್ಮೇಲೂ ಬ್ರಾಂಚ್ ನಡೀತಿದೆ ಅಂದಂಗಾಯ್ತು.”

“ಮ್ಯಾನೇಜರ್ ಇಲ್ದಂಗೆ ನಡೀಬೇಕು ಅಂತಲೇ ಕಟ್ಟಿದ್ದು ಸಾರ್. ಅದಕ್ಕೇ ಎಲ್ಲರೂ ಇನ್‌ಸ್ಪೆಕ್ಟರ್ ಆಗ್ಬೇಕು.”

“ಸರಿ, ಹಾಕೋದು ಹೆಂಗೆ? ಮೊಬೈಲಲ್ಲಿ ಆ್ಯಪ್ ಹಾಕ್ದಂಗಾ?”

ಇಲ್ಲಿ ನಾನು ಸ್ವಲ್ಪ ಉಬ್ಬಿದೆ ಅಂತಲೇ ಇಟ್ಟುಕೊಳ್ಳಿ. ನಮ್ಮ ಕೆಲಸದ ಬಗ್ಗೆ ಮನೆಯವರೇ ಕೇಳದ ಪ್ರಶ್ನೆಯನ್ನು ಗೋಡೆಯಾಚೆಯವರು ಕೇಳಿದರೆ ಯಾರಿಗಾದರೂ ಖುಷಿಯೇ.

ನಾನು ಹಾಕಿದ ನೋಡ್ ಸಾಫ್ಟ್‌ವೇರಿನ ಹೆಸರು ಬಿಟ್‌ಕಾಯಿನ್ ಕೋರ್, ಅದು ಓಪನ್ ಸೋರ್ಸ್. ಅದರ ಒಂದೊಂದು ಸಾಲೂ ಎಲ್ಲರ ಕಣ್ಣೆದುರಿಗಿದೆ. ಸಿದ್ಧಪಡಿಸಿದ ಫೈಲನ್ನೇ ಇಳಿಸಿಕೊಳ್ಳಬಹುದು, ಇಲ್ಲವೆ ಮೂಲದಿಂದ ನಾವೇ ಕಟ್ಟಿಕೊಳ್ಳಬಹುದು. ಸಿದ್ಧ ಫೈಲು ತಂದವರು ಸುಮ್ಮನೆ ಕ್ಲಿಕ್ ಒತ್ತಬಾರದು. ಅದರ ಜೊತೆ ಎರಡು ಚಿಕ್ಕ ಫೈಲು ಬರುತ್ತವೆ. ಒಂದರಲ್ಲಿ ಆ ಸಿದ್ಧ ಫೈಲಿನ ಹ್ಯಾಶ್, ಅಂದರೆ ಅದರಲ್ಲಿ ಒಂದಕ್ಷರ ಬದಲಾದರೂ ಪೂರ್ತಿ ಬೇರೆಯಾಗಿಬಿಡುವ 64 ಅಕ್ಷರಗಳ ಗುರುತು. ಇನ್ನೊಂದರಲ್ಲಿ ಬೇರೆಬೇರೆ ದೇಶಗಳಲ್ಲಿ ಕೂತ ಹಲವರ ಸಹಿ. ಅವರು ಒಬ್ಬೊಬ್ಬರೂ ತಮ್ಮತಮ್ಮ ಮನೆಯಲ್ಲಿ ಅದೇ ಮೂಲದಿಂದ ಅದೇ ಸಾಫ್ಟ್‌ವೇರ್ ಕಟ್ಟಿ, ಎಲ್ಲರಿಗೂ ಅಕ್ಷರ ತಪ್ಪದೆ ಒಂದೇ ಫಲಿತಾಂಶ ಬಂತು ಅಂತ ಖಾತ್ರಿ ಮಾಡಿಕೊಂಡ ಮೇಲೆ ಸಹಿ ಹಾಕಿರುತ್ತಾರೆ. ನಾವು ಆ ಸಹಿ ತಾಳೆ ನೋಡಬೇಕು, ಆಮೇಲೆ ಹ್ಯಾಶ್ ತಾಳೆ ನೋಡಬೇಕು.

“ಸ್ಪೆಸಿಮನ್ ಸಿಗ್ನೇಚರ್!” ಅಂತ ಸಾರ್ ಗೋಡೆ ಕುಟ್ಟಿದರು. “ಎಷ್ಟು ಜನ ಪಾರ್ಟಿಗಳು ಇದಕ್ಕೆ ಬೈಯ್ಕೊಳ್ಳೋರು ಗೊತ್ತಾ ನಂಗೆ? ಕಾರ್ಡ್ ತೆಗೆದು ನೋಡ್ದೆ ಚೆಕ್ ಪಾಸ್ ಮಾಡ್ದೋನಲ್ಲ ನಾನು.”

ಮೂಲದಿಂದ ಕಟ್ಟುವುದು ಇನ್ನೊಂದು ಮಜಾ. ಮೊದಲು ಕಂಪೈಲರ್, ಸಿಮೇಕ್, ಬೂಸ್ಟ್, ಲಿಬ್‌ಇವೆಂಟ್, ಎಸ್‌ಕ್ಯೂಲೈಟ್ ಹೀಗೆ ಒಂದಷ್ಟು ಸಾಮಾನು ಜೋಡಿಸಿಕೊಳ್ಳಬೇಕು. ಆಮೇಲೆ ಒಂದು ಕಮಾಂಡಿಗೆ ಎಲ್ಲವೂ ಇದೆಯಾ ಅಂತ ಅದೇ ಹುಡುಕಿ ಪಟ್ಟಿ ಕೊಡುತ್ತದೆ, ಇನ್ನೊಂದಕ್ಕೆ ಕಟ್ಟಲು ಶುರು ಮಾಡುತ್ತದೆ. ಪರದೆಯ ಎಡಗಡೆ ಶೇಕಡಾ ಲೆಕ್ಕ ಏರುತ್ತಾ ಹೋಗುತ್ತದೆ, ಬಲಗಡೆ ಫೈಲುಗಳ ಹೆಸರು ಸರಸರ ಓಡುತ್ತವೆ. ಬೇಗ ಮುಗಿಯಲಿ ಅಂತ ಪ್ರೊಸೆಸರಿನ ನಾಲ್ಕೂ ಕೋರ್‌ಗಳಿಗೆ ಒಟ್ಟಿಗೆ ಕೆಲಸ ಹಚ್ಚಿದರೆ, ನಾಲ್ಕು ಜಿಬಿ ರ‍್ಯಾಮಿನ ಹಳೇ ಯಂತ್ರ ಅರ್ಧ ದಾರಿಯಲ್ಲಿ ‘ಕಿಲ್ಡ್’ ಅಂತ ಬರೆದು ಕೈ ಚೆಲ್ಲುತ್ತದೆ. ಯಾಕೆ, ಏನು ಅಂತ ಒಂದು ಮಾತಿಲ್ಲ. ಮೆಮೊರಿ ಸಾಲಲಿಲ್ಲ ಅಂತ ನಾವೇ ಅರ್ಥ ಮಾಡಿಕೊಳ್ಳಬೇಕು. ಒಂದೇ ಕೋರಿಗೆ ಬಿಟ್ಟರೆ ನಿಧಾನವಾದರೂ ದಡ ಸೇರುತ್ತದೆ. ಮುಗಿದ ಮೇಲೆ ಪರೀಕ್ಷೆಗಳನ್ನೂ ಓಡಿಸಿ, ಎಲ್ಲ ಪಾಸಾದವೇ ಅಂತ ನೋಡಿಯೇ ಮುಂದಕ್ಕೆ ಹೋಗಬೇಕು.

ಅಸಲಿ ಕಾಯುವಿಕೆ ಶುರುವಾಗುವುದು ಅಲ್ಲಿಂದಾಚೆ. ನಮ್ಮ ಮನೆಯ ಬ್ರಾಡ್‌ಬ್ಯಾಂಡಿಗೆ ಸ್ವಂತ ಪಬ್ಲಿಕ್ ಐಪಿ ಇಲ್ಲ, ಹೊರಗಿನವರು ಒಳಗೆ ಬರಲಾರರು. ಚಿಂತೆಯಿಲ್ಲ, ನೋಡ್ ತಾನೇ ಹೊರಗೆ ಹೋಗಿ ಹತ್ತು ನೋಡ್‌ಗಳ ಸಂಪರ್ಕ ಬೆಳೆಸುತ್ತದೆ. ಅವುಗಳಿಂದ 2009ರ ಮೊದಲ ಪುಟದಿಂದ ತರಿಸಿಕೊಂಡು ಒಂದೊಂದನ್ನೂ ತಾನೇ ಕೂಡಿ ಕಳೆದು ನೋಡುತ್ತದೆ. ಮೊದಲ ವರ್ಷಗಳ ಪುಟಗಳು ಹಗುರ, ನೋಡನೋಡುತ್ತಲೇ ಮುಗಿಯುತ್ತವೆ. 2015 ದಾಟಿದ ಮೇಲೆ ಪುಟಗಳು ದಪ್ಪಗಾಗಿ ಯಂತ್ರ ಏದುಸಿರು ಬಿಡುತ್ತದೆ. ಹಳೇ ಹಾರ್ಡ್‌ಡಿಸ್ಕ್ ಆದರೆ ವಾರಗಟ್ಟಲೆ ಆದೀತು, ಎಸ್‌ಎಸ್‌ಡಿ ಹಾಕಿದರೆ ಕೆಲವು ದಿನ. ಡಿಸ್ಕಿನಲ್ಲಿ ಜಾಗ ಇಲ್ಲದವರು ‘ಪ್ರೂನ್’ ಅಂತ ಒಂದು ಸಾಲು ಬರೆದರೆ, ತಾಳೆ ನೋಡಿಯಾದ ಹಳೇ ಪುಟಗಳನ್ನು ಹರಿದು ಹಾಕಿ, ಸದ್ಯದ ಬಾಕಿಯ ಪಟ್ಟಿಯನ್ನೂ ಇತ್ತೀಚಿನ ಕೆಲವು ಪುಟಗಳನ್ನೂ ಉಳಿಸಿಕೊಳ್ಳುತ್ತದೆ. ನನ್ನದು ಅದೇ ತರಹದ್ದು.

ಇದರ ನಡುವೆ ಬೆಸ್ಕಾಂ. ಮೋಡ ಕವಿದರೆ ಸಾಕು ನಮ್ಮ ಕಡೆ ಕರೆಂಟ್ ಹೋಗುತ್ತದೆ, ಜೋರು ಮಳೆ ಬಂದರೆ ಶೆಟ್ಟಿಹಳ್ಳಿ ಅಂಡರ್‌ಪಾಸ್ ಕೆರೆಯಾಗುತ್ತದೆ. ಎರಡಕ್ಕೂ ನಾವು ಒಗ್ಗಿಕೊಂಡಿದ್ದೇವೆ, ನೋಡ್ ಒಗ್ಗಿಕೊಳ್ಳುವುದಿಲ್ಲ. ಬರೆಯುತ್ತಿದ್ದ ಹಾಗೇ ಕರೆಂಟ್ ತೆಗೆದರೆ ಬಾಕಿಯ ಪಟ್ಟಿ ಕೆಡಬಹುದು. ಕೆಟ್ಟರೆ ಮತ್ತೆ ಮೊದಲಿನಿಂದ ಎಣಿಸು. ಅದಕ್ಕೇ ಡೆಸ್ಕ್‌ಟಾಪಿಗಿಂತ ಬ್ಯಾಟರಿ ಇನ್ನೂ ಸತ್ತಿರದ ಹಳೇ ಲ್ಯಾಪ್‌ಟಾಪ್ ವಾಸಿ.

ಕರೆಂಟಿನ ಮಾತು ಬಂದದ್ದೇ, ದಾಸವಾಳ ಬಿಡಿಸುತ್ತಿದ್ದ ಅಮ್ಮ ಬುಟ್ಟಿ ಸಮೇತ ಗೋಡೆಗೆ ಬಂದರು. ಸಾರ್ ಮನೆಯವರನ್ನು ನಾವು ಅಮ್ಮ ಅಂತಲೇ ಕರೆಯುವುದು.

“ಅಲ್ಲ ಮಗಾ, ಆ ಮಿಷನ್ ಒಂದೂರಿನ ಕರೆಂಟ್ ಕುಡಿಯುತ್ತಂತೆ? ಟಿವೀಲಿ ತೋರಿಸಿದ್ರು. ಸಂಜೆ ನಮ್ಮ ವೋಲ್ಟೇಜ್ ಡಿಮ್ ಆಗ್ತಿರೋದು ಅದಕ್ಕೇನಾ?”

“ಅದು ಮೈನಿಂಗ್ ಅಮ್ಮ. ಹೊಸ ಪುಟ ಬರೆಯೋ ಹಕ್ಕಿಗೆ ಪೈಪೋಟಿ ಮಾಡೋ ಮಿಷನ್‌ಗಳು ಬೇರೆ, ಅವಕ್ಕೆ ದೊಡ್ಡದೊಡ್ಡ ಶೆಡ್ ಬೇಕು. ಗೆದ್ದೋರಿಗೆ 2024ರ ಏಪ್ರಿಲ್‌ನಿಂದ ಪುಟಕ್ಕೆ 3.125 ಹೊಸ ಬಿಟ್‌ಕಾಯಿನ್ ಬಹುಮಾನ. ನಂದು ಬರೆಯೋದಲ್ಲ, ಬರೆದದ್ದು ಸರಿಯಿದೆಯಾ ಅಂತ ನೋಡೋದು. ಇದಕ್ಕೆ ಬಹುಮಾನನೂ ಇಲ್ಲ, ಅಷ್ಟೊಂದು ಕರೆಂಟೂ ಬೇಡ. ಮೂವತ್ತು ವಾಟ್ ಅಂತ ಹಿಡಿದ್ರೆ ಹಗಲೂ ರಾತ್ರಿ ಓಡಿದ್ರೂ ತಿಂಗಳಿಗೆ ಇಪ್ಪತ್ತೆರಡು ಯೂನಿಟ್ ಒಳಗೆ.”

“ಗೃಹಜ್ಯೋತಿ ಹೋಗಲ್ಲ ತಾನೆ?”

ಅಮ್ಮನ ಪ್ರಶ್ನೆ ಸಣ್ಣದಲ್ಲ. ರಾಜ್ಯ ಸರ್ಕಾರದ ಈ ಯೋಜನೆಯಲ್ಲಿ 200 ಯೂನಿಟ್ ಒಳಗೆ ಕರೆಂಟ್ ಬಿಟ್ಟಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದರಲ್ಲಿ 2022–23ರ ನಮ್ಮದೇ ಸರಾಸರಿಗೆ, ತೀರಾ ಕಡಿಮೆ ಬಳಸುವವರನ್ನು ಬಿಟ್ಟು, ಶೇ 10 ಸೇರಿಸಿ ಮಿತಿ ಕಟ್ಟಿದ್ದಾರೆ. ಸರಾಸರಿ ಎಂಬತ್ತು ಇದ್ದ ಮನೆಗೆ ಇಪ್ಪತ್ತೆರಡು ಸೇರಿದರೆ ಮಿತಿ ದಾಟಿ ಬಿಲ್ ಬರುತ್ತದೆ. ಜಗತ್ತಿನ ಯಾವ ಕೈಪಿಡಿಯಲ್ಲೂ ಬರೆಯದ ಈ ಷರತ್ತು ನಮ್ಮ ಜಿಲ್ಲೆಯಲ್ಲಿ ನೋಡ್ ಹಾಕುವವರಿಗೆ ಮುಖ್ಯ.

“ಬಹುಮಾನ ಇಲ್ದೆ ಇಪ್ಪತ್ತೆರಡು ಯೂನಿಟ್ ಸುಡ್ತೀಯಾ?” ಅಂತ ಅಮ್ಮ ಒಂದೇ ಮಾತಿನಲ್ಲಿ ಇಡೀ ಯೋಜನೆಯ ಆಡಿಟ್ ಮುಗಿಸಿ ಒಳಗೆ ಹೋದರು.

ಅಷ್ಟರಲ್ಲಿ ಮೂಲೆ ಅಂಗಡಿಯ ಹುಡುಗ ಹಾಲಿನ ಪ್ಯಾಕೆಟ್ ಕೊಡಲು ಬಂದವನು ಗಾಡಿ ಸ್ಟ್ಯಾಂಡ್ ಹಾಕಿ ನಿಂತ. ಹುಡುಗ ಅಂದರೆ ಮದುವೆಯಾಗಿ ಎರಡು ಮಕ್ಕಳಿವೆ. ಅಂಗಡಿ ಅವರಪ್ಪನ ಕಾಲದಿಂದ ಇದೆ, ಅದಕ್ಕೇ ಇನ್ನೂ ಹುಡುಗ.

“ಸಾರ್, ಅದ್ರಲ್ಲಿ ದುಡ್ಡು ಇಸ್ಕೊಂಡ್ರೆ ಜಿಎಸ್‌ಟಿಯೋರ್ಗೆ ಗೊತ್ತಾಗಲ್ಲ ಅಂತಾರೆ. ನಂಗೂ ಒಂದು ಹಾಕ್ಕೊಡಿ.”

ಇವನ ಸಂಕಟ ಗೊತ್ತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ತೆಗೆದು, ಸರಕು ಮಾರುವವರಲ್ಲಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಲ್ಲಿ 20 ಲಕ್ಷ ದಾಟಿದವರಿಗೆ ನೋಟಿಸ್ ಕೊಟ್ಟರಲ್ಲ, ಆಗ ರಾಜ್ಯದಲ್ಲಿ ಎಷ್ಟೋ ಅಂಗಡಿಗಳ ಗೋಡೆಯಿಂದ ಕ್ಯೂಆರ್ ಕೋಡ್ ಇಳಿದು ‘ಓನ್ಲಿ ಕ್ಯಾಶ್’ ಬೋರ್ಡ್ ಏರಿತು. ಸಾಲವಾಗಿ ಬಂದ ದುಡ್ಡು, ಅಣ್ಣತಮ್ಮಂದಿರು ಕಳಿಸಿದ್ದು ಎಲ್ಲವನ್ನೂ ವ್ಯಾಪಾರ ಅಂತ ಲೆಕ್ಕ ಹಿಡಿದರೆ ಹೇಗೆ ಅಂತ ಅಂಗಡಿಯವರು ಪ್ರತಿಭಟಿಸಿದರು. ಹಳೇ ಬಾಕಿ ವಸೂಲು ಮಾಡುವುದಿಲ್ಲ ಅಂತ ಮುಖ್ಯಮಂತ್ರಿಗಳು ಹೇಳಿದ ಮೇಲೆ ತಣ್ಣಗಾಯಿತು. ಆದರೆ ಅವತ್ತು ಹುಟ್ಟಿದ ಭಯ ಪೂರ್ತಿ ಹೋಗಿಲ್ಲ.

ಅಂಗಡಿಗೆ ಬೇಕಾದ ಸಾಫ್ಟ್‌ವೇರ್ ಇಲ್ಲ ಅಂತಲ್ಲ. ಬಿಟಿಸಿಪೇ ಸರ್ವರ್ ಅಂತ ಒಂದಿದೆ, ಇದೂ ಓಪನ್ ಸೋರ್ಸ್, ಬಿಟ್ಟಿ. ನಿಕೋಲಾ ಡೋರಿಯೆ ಎಂಬ ಫ್ರೆಂಚ್ ಪ್ರೋಗ್ರಾಮರ್, ಬಿಟ್‌ಪೇ ಎಂಬ ದೊಡ್ಡ ಪಾವತಿ ಕಂಪನಿಯ ನಡೆ ಹಿಡಿಸದೆ, ನಿಮ್ಮ ಅಗತ್ಯವೇ ಇಲ್ಲದ ಹಾಗೆ ಮಾಡುತ್ತೇನೆ ಅಂತ ಹಠ ತೊಟ್ಟು 2017ರಲ್ಲಿ ಶುರು ಮಾಡಿದ್ದು. ಡಾಕರ್ ಎಂಬ ಏರ್ಪಾಟಿನಲ್ಲಿ ನೋಡ್, ಡೇಟಾಬೇಸ್, ಬಿಲ್ ಮಾಡುವ ಪುಟ ಎಲ್ಲವೂ ಬೇರೆಬೇರೆ ಡಬ್ಬಿಗಳಾಗಿ ಒಟ್ಟಿಗೆ ಎದ್ದು ನಿಲ್ಲುತ್ತವೆ. ಒಂದು ಡೊಮೇನ್ ಹೆಸರು ಬೇಕು. ಮೊತ್ತ ಹೊಡೆದರೆ ಆ ಬಿಲ್ಲಿಗೇ ಮೀಸಲಾದ ಕ್ಯೂಆರ್ ಬರುತ್ತದೆ. ಇದರ ಜಾಣತನ ಇರುವುದು ಇನ್ನೊಂದು ಕಡೆ. ಸರ್ವರಿಗೆ ಕೊಡುವುದು ಬರೀ ವಿಳಾಸ ಹುಟ್ಟಿಸುವ ಸಾರ್ವಜನಿಕ ಕೀ. ಹಣ ತೆಗೆಯುವ ಗುಪ್ತ ಕೀ ನಮ್ಮ ಜೇಬಿನಲ್ಲೇ ಇರುತ್ತದೆ. ಯಾರಾದರೂ ಸರ್ವರಿಗೆ ನುಗ್ಗಿದರೂ ಕೂಡಿಟ್ಟದ್ದನ್ನು ಎತ್ತಿಕೊಂಡು ಹೋಗಲಾರರು.

“ಅಂದ್ರೆ ಕೌಂಟರಲ್ಲಿ ರಿಸಿಪ್ಟ್ ಬುಕ್ ಇದೆ, ಚೆಸ್ಟ್ ಕೀ ಇಲ್ಲ,” ಅಂತ ಸಾರ್ ಒಂದೇ ಉಸಿರಿನಲ್ಲಿ ಸಾರಾಂಶ ಒಪ್ಪಿಸಿದರು.

“ಹತ್ತು ರೂಪಾಯಿ ಬಿಸ್ಕತ್ತಿಗೆ ಹತ್ತು ನಿಮಿಷ ಕಾಯ್ತಾರಾ ಗಿರಾಕಿಗಳು?” ಹುಡುಗ ವ್ಯಾಪಾರಿ, ಸರಿಯಾದ ಜಾಗಕ್ಕೇ ಕೈ ಹಾಕಿದ.

ಅದಕ್ಕೂ ಮದ್ದು ಕಂಡುಹಿಡಿದಿದ್ದಾರೆ: ಲೈಟ್ನಿಂಗ್. ಜೋಸೆಫ್ ಪೂನ್, ಥ್ಯಾಡಿಯಸ್ ಡ್ರೈಯಾ ಇಬ್ಬರ 2016ರ ಪ್ರಬಂಧದಿಂದ ಬಂದದ್ದು. ಇಬ್ಬರು ಸೇರಿ ಮೊದಲೇ ಒಂದು ಮೊತ್ತವನ್ನು ಲೆಡ್ಜರಿನಲ್ಲಿ ಬೀಗ ಹಾಕಿಟ್ಟು ಚಾನೆಲ್ ತೆರೆಯುತ್ತಾರೆ. ಆಮೇಲೆ ತಮ್ಮತಮ್ಮಲ್ಲೇ ಬಾಕಿ ತಿದ್ದಿಕೊಳ್ಳುತ್ತಾ ಹೋಗುತ್ತಾರೆ. ಲೆಡ್ಜರಿಗೆ ಬರುವುದು ತೆರೆದಾಗ ಒಮ್ಮೆ, ಮುಚ್ಚಿದಾಗ ಒಮ್ಮೆ. ಪಾವತಿ ಕ್ಷಣಾರ್ಧದಲ್ಲಿ ಆಗುತ್ತದೆ. ಆದರೆ ಹೊಸಬರು ಎಡವುವುದೂ ಇಲ್ಲೇ. ನಾನು ಚಾನೆಲಿಗೆ ಹಣ ಹಾಕಿದರೆ ನಾನು ಕೊಡಬಹುದು, ಇಸಿದುಕೊಳ್ಳಲು ಬರುವುದಿಲ್ಲ. ಇಸಿದುಕೊಳ್ಳಬೇಕಾದರೆ ಎದುರುಗಡೆಯವರು ನನ್ನ ಕಡೆಗೆ ಹಣ ಇಟ್ಟಿರಬೇಕು. ಅಂಗಡಿಯವನ ಕೆಲಸವೇ ಇಸಿದುಕೊಳ್ಳುವುದಾದ್ದರಿಂದ, ಎದುರುಗಡೆಯವರನ್ನು ಹುಡುಕಿ ಅದಕ್ಕೆ ಫೀಸು ಕೊಟ್ಟು ಚಾನೆಲ್ ತೆರೆಸಬೇಕು. ಮೇಲಾಗಿ ಯಂತ್ರ ಬಹಳ ಹೊತ್ತು ಆಫ್ ಆಗಿರಬಾರದು, ಎದುರಿನವರು ಹಳೇ ಬಾಕಿ ತೋರಿಸಿ ಚಾನೆಲ್ ಮುಚ್ಚಿದರೆ ಸಮಯಕ್ಕೆ ಸರಿಯಾಗಿ ಆಕ್ಷೇಪ ಹಾಕಬೇಕು.

“ಬೆಸ್ಕಾಂನೋರು ಅದಕ್ಕೆ ಒಪ್ಕೋಬೇಕಲ್ಲ,” ಅಂದ ಹುಡುಗ.

“ಅದು ಬಿಡಪ್ಪ, ತೆರಿಗೆ ಕೇಳು,” ಅಂದೆ ನಾನು. “ಮಾರಿದ ಸಾಮಾನಿಗೆ ಜಿಎಸ್‌ಟಿ ಇದ್ದೇ ಇರುತ್ತೆ, ದುಡ್ಡು ಯಾವ ರೂಪದಲ್ಲಾದ್ರೂ ಬರ್ಲಿ. 2022ರ ಬಜೆಟ್‌ನಲ್ಲಿ ಇಂಥ ನಾಣ್ಯದ ಲಾಭಕ್ಕೆ ಶೇ 30 ತೆರಿಗೆ ಹಾಕಿದ್ರು. ಒಂದರಲ್ಲಿ ನಷ್ಟ ಆಯ್ತು ಅಂತ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. ಅದೇ ವರ್ಷದ ಜುಲೈ 1ರಿಂದ ಶೇ 1 ಟಿಡಿಎಸ್ ಬೇರೆ. ನಿನ್ನ ಗಿರಾಕಿ ಬಿಸ್ಕತ್ತಿಗೆ ಕೊಟ್ಟ ನಾಣ್ಯ ಅವನು ಕೊಂಡಾಗ ಎಷ್ಟಿತ್ತು, ಕೊಟ್ಟಾಗ ಎಷ್ಟಾಯ್ತು ಅಂತ ಅವನೂ ಲೆಕ್ಕ ಇಡ್ಬೇಕು. ಗೊತ್ತಾಗಲ್ಲ ಅಂದ್ಯಲ್ಲ, ಚಾನೆಲ್ ಇಲ್ದೆ ನೇರ ಬಂದಿದ್ದೆಲ್ಲಾ ಲೆಡ್ಜರಲ್ಲಿ ಶಾಶ್ವತವಾಗಿ ಕೂತಿರುತ್ತೆ. ಲೋಕಕ್ಕೆಲ್ಲಾ ಪ್ರತಿ ಇದೆ ಅಂದ್ರೆ ತೆರಿಗೆಯೋರ ಹತ್ರಾನೂ ಇದೆ.”

ಹುಡುಗ ಗಾಡಿ ಸ್ಟ್ಯಾಂಡ್ ತೆಗೆದ. “ಬೇಡ ಬಿಡಿ ಸಾರ್. ಲೆಕ್ಕದ ಪುಸ್ತಕ ಸರಿಯಾಗಿ ಬರೆಯೋದೇ ಸುಲಭ.” ಹಾಲಿನ ಪ್ಯಾಕೆಟ್ ನನ್ನ ಕೈಗಿಟ್ಟು ಹೊರಟ.

ಕ್ಯಾಷಿಯರ್ ಸಾರ್ ಮಾತ್ರ ಇನ್ನೂ ಫೈಲ್ ಮುಚ್ಚಿರಲಿಲ್ಲ. “ಆ ಗುಪ್ತ ಕೀ ಅಂದ್ಯಲ್ಲ, ಅದು ಕಳೆದುಹೋದ್ರೆ?”

ಹೆಚ್ಚಿನ ವಾಲೆಟ್‌ಗಳು ಆ ಕೀಯನ್ನು ಹನ್ನೆರಡೋ ಇಪ್ಪತ್ತನಾಲ್ಕೋ ಪದಗಳ ರೂಪದಲ್ಲಿ ಕೊಡುತ್ತವೆ, 2,048 ಪದಗಳ ಒಂದು ಪಟ್ಟಿಯಿಂದ ಆರಿಸಿ. ಆ ಪದಗಳು ಅನುಕ್ರಮ ತಪ್ಪದೆ ಯಾರ ಹತ್ತಿರ ಇವೆಯೋ ಹಣ ಅವರದು. ಕಳೆದುಕೊಂಡರೆ ಮುಗಿಯಿತು. ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟು ಅದು ಕಳ್ಳರ ಕೈಗೆ ಸಿಕ್ಕರೂ ಮುಗಿಯಿತು.

ಸಾರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು: “ನೋಡಪ್ಪಾ, ನಮ್ ಬ್ಯಾಂಕಲ್ಲಿ ಹತ್ತು ವರ್ಷ ಯಾರೂ ಕೇಳದ ಠೇವಣಿ ಆರ್‌ಬಿಐ ನಿಧಿಗೆ ಹೋಗುತ್ತೆ. ಹೋದ್ಮೇಲೂ ವಾರಸುದಾರ ಕಾಗದ ಹಿಡ್ಕೊಂಡು ಬಂದ್ರೆ ಕೊಡ್ತೀವಿ. ಈಗ ಉದ್ಗಮ್ ಅಂತ ಪೋರ್ಟಲ್ ಮಾಡವ್ರೆ, ಮನೇಲೇ ಕೂತು ಹುಡುಕ್ಬಹುದು. ಬ್ಯಾಂಕೇ ಮುಳುಗಿದ್ರೂ ಐದು ಲಕ್ಷದವರೆಗೆ ವಿಮೆ ಉಂಟು. ಗಂಡ ಸತ್ತ ಹೆಣ್ಮಕ್ಕಳು ಪಾಸ್‌ಬುಕ್ ಹಿಡ್ಕೊಂಡು ಕೌಂಟರ್ ಮುಂದೆ ನಿಂತಿರೋರು. ನಾಮಿನೇಷನ್ ಹುಡುಕಿ, ಫಾರಂ ತುಂಬಿಸಿ, ದುಡ್ಡು ಕೈಗಿಟ್ಟು ಕಳಿಸಿದೀನಿ. ನಿನ್ನ ಈ ಬ್ಯಾಂಕಲ್ಲಿ ಅವರು ಯಾರ ಮುಂದೆ ನಿಲ್ಲೋದು?”

ನಾನು ಉತ್ತರ ಕೊಡಲು ಹೋಗಲಿಲ್ಲ, ಇರಲೂ ಇಲ್ಲ. ಯಾರ ಅಪ್ಪಣೆಯೂ ಬೇಡದ ಕಡೆ ಯಾರ ಆಸರೆಯೂ ಇರುವುದಿಲ್ಲ. ಇಷ್ಟು ತಿಳಿದುಕೊಳ್ಳಲು ನೋಡ್ ಹಾಕಿ ನೋಡುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸಹಿ ತಾಳೆ ನೋಡುವುದು, ಬಾಕಿ ಎಣಿಸುವುದು, ಕೀ ಕಾಯುವುದು ಇವೆಲ್ಲವನ್ನೂ ನಮ್ಮ ಪರವಾಗಿ ದಿನಾ ಎಷ್ಟು ಜನ ಮಾಡುತ್ತಿದ್ದರು ಅಂತ ನಾವೇ ಮಾಡಿದಾಗ ಗೊತ್ತಾಗುತ್ತದೆ. ತುಮಕೂರಿನ 60.6 ಬಿಟ್‌ಕಾಯಿನ್ ಕಳುವಾದಾಗಲೂ ಲೆಡ್ಜರಿನಲ್ಲಿ ಒಂದಂಕಿ ತಪ್ಪಿರಲಿಲ್ಲ. ಹಣ ಯಾವ ವಿಳಾಸಕ್ಕೆ ಹೋಯಿತು ಅಂತ ಅದರಲ್ಲಿ ಬರೆದೇ ಇತ್ತು, ಯಾರ ಜೇಬಿಗೆ ಅಂತ ಮಾತ್ರ ಬರೆದಿರಲಿಲ್ಲ. ಅದನ್ನು ಕಂಡುಹಿಡಿಯಲು ಕಡೆಗೂ ಪೊಲೀಸರೇ ಬೇಕಾದರು.

ಆದ್ದರಿಂದ, ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಬಿದ್ದಿದ್ದು ಕಲಿಯುವ ಹುಕಿ ಇರುವವರಿಗೆ, ಅದರಲ್ಲೂ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿಗೆ, ನನ್ನದೊಂದು ಮಾತು. ಕಟ್ಟಿ, ಹಾಕಿ, ಓಡಿಸಿ. ಆದರೆ ಮೊದಲು ಸಿಗ್ನೆಟ್‌ನಲ್ಲಿ ಹಾಕಿ. ಅದು ಬಿಟ್‌ಕಾಯಿನ್‌ನ ಅಭ್ಯಾಸದ ಜಾಲ, ಅಲ್ಲಿನ ನಾಣ್ಯಕ್ಕೆ ಬೆಲೆ ಇಲ್ಲ, ಕೇಳಿದರೆ ಬಿಟ್ಟಿ ಕೊಡುತ್ತಾರೆ. ಲೆಡ್ಜರೂ ಚಿಕ್ಕದು, ಡಿಸ್ಕ್ ತುಂಬುವುದಿಲ್ಲ. ಅಂಗಡಿಯ ಬಿಲ್ಲು, ಲೈಟ್ನಿಂಗ್ ಚಾನೆಲ್ಲು, ಹನ್ನೆರಡು ಪದ ಕಳೆದುಹೋಗುವುದು ಎಲ್ಲವನ್ನೂ ಒಂದು ಪೈಸೆ ಖರ್ಚಿಲ್ಲದೆ ಅಲ್ಲೇ ಅಭ್ಯಾಸ ಮಾಡಿಕೊಳ್ಳಬಹುದು. ಹಾಕಿಕೊಡುತ್ತೇನೆ, ದುಡ್ಡು ತಿಂಗಳಲ್ಲಿ ಎರಡರಷ್ಟಾಗುತ್ತದೆ ಅಂತ ಯಾರಾದರೂ ವಾಟ್ಸ್‌ಆ್ಯಪಿನಲ್ಲಿ ಬಂದರೆ ಉತ್ತರಿಸಬೇಡಿ. ನೋಡ್‌ನಿಂದ ಯಾರಿಗೂ ಬಡ್ಡಿ ಬರುವುದಿಲ್ಲ, ಬರುವುದು ಕರೆಂಟ್ ಬಿಲ್ ಮಾತ್ರ.